ರೇಡಿಯೋ ಅಣ್ಣನವರು ಆರಿಸಿಕೊಟ್ಟ ಸ್ಪೀಕರ್

ರೇಡಿಯೋ ಅಣ್ಣನವರ ಎಡಗಿವಿಯ ಮೇಲೆ ಯಾವಾಗಲೂ ಒಂದು ಗಿಡ್ಡ ಸ್ಕ್ರೂಡ್ರೈವರ್ ಕೂತಿರುತ್ತಿತ್ತು, ಬಡಿಗೇರರು ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ. ಹಳದಿ ಹಿಡಿಕೆಯದು. ವರ್ಷಗಟ್ಟಲೆ ಅದನ್ನು ಹೊತ್ತು ಹೊತ್ತು ಕಿವಿಯ ತುದಿ ಹೊರಗೆ ಬಾಗಿಬಿಟ್ಟಿತ್ತು. ಅದನ್ನೇ ಅವರು ಮೇಜಿನ ಮೇಲೆಲ್ಲ ತಡಕಾಡುತ್ತಿದ್ದರು. "ಕಿವಿಮ್ಯಾಲೆ ಐತ್ರಿ ಅಣ್ಣಾರ" ಎಂದು ಗಿರಾಕಿ ಹೇಳಿದರೆ ನಾಚಿಕೆಪಡುತ್ತಿರಲಿಲ್ಲ. "ಗೊತ್ತೈತ್ರಿ, ನಿಮ್ಮ ಕಣ್ಣು ಚಲೋ ಅದಾವೋ ಇಲ್ಲೋ ನೋಡಿದ್ನಿ" ಎನ್ನುತ್ತಿದ್ದರು.

ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಎದುರು, ಬಳೆ ಅಂಗಡಿಗೂ ಗೊಬ್ಬರದ ಅಂಗಡಿಗೂ ನಡುವೆ, ನಾಲ್ಕು ಹೆಜ್ಜೆ ಅಗಲದ ರಿಪೇರಿ ಅಂಗಡಿ ಅವರದು. ಒಳಗೆ ಹೊಟ್ಟೆ ಬಿಚ್ಚಿಕೊಂಡ ರೇಡಿಯೋಗಳು, ಟೇಪುಗಳು, ಈಗಿನ ಕಾಲದ ಸ್ಪೀಕರುಗಳು. ನಮ್ಮ ಊರು ಆಡೂರು. ಸಂತೆಗೆ ಹೋದಾಗಲೆಲ್ಲ ನಮ್ಮ ಮನೆಯವರು ರೇಡಿಯೋ ಹೊತ್ತುಕೊಂಡು ಅವರ ಹತ್ತಿರ ಹೋಗುತ್ತಿದ್ದರು, ನಾನು ಹೊರಗೆ ಚೀಲ ಹಿಡಿದು ನಿಂತಿರುತ್ತಿದ್ದೆ. ಹಾಗಾಗಿ ಮುಖ ಪರಿಚಯ ಬಹಳ ವರ್ಷದ್ದು. ಆದರೆ ಅವರು ಎಂಥವರು ಎಂದು ನನಗೆ ತಿಳಿದದ್ದು ಮೊಮ್ಮಗಳ ಸಲುವಾಗಿ.

ನಾನು ಓದಿದ್ದು ಎರಡನೇ ಇಯತ್ತೆ. ಬರೆಯುವುದು ನಿಧಾನ. ಅದರಲ್ಲೂ ಈಗ ಮೊಮ್ಮಗಳು ಪಕ್ಕದಲ್ಲೇ ಕೂತು, "ಆಯಿ, ಇದೇನ? ಆಯಿ, ಯಾರಿಗಿ ಬರ್ಯಾಕತ್ತೀ? ಆಯಿ, ಅಕ್ಷರ ಯಾಕ ಇಷ್ಟು ದಪ್ಪ ಅದಾವು?" ಎಂದು ತಲೆ ತಿನ್ನುತ್ತಿದ್ದಾಳೆ. ತಿನ್ನಲಿ. ಅವಳು ಕೇಳಿದಷ್ಟು ಸಲ ನನಗೆ ಹೊಟ್ಟೆ ತುಂಬುತ್ತದೆ. ಯಾಕೆಂದರೆ ಮೂರು ವರ್ಷ ತುಂಬುವವರೆಗೆ ಈ ಬಾಯಿಂದ ಒಂದು ಮಾತು ಬಂದಿರಲಿಲ್ಲ.

ಹಿಂದೆ ತಾಟು ಬಿದ್ದರೂ ತಿರುಗದ ಕೂಸು. ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ ಕಿವಿ ಮಂದ ಎಂದರು, ಎರಡೂ ಕಿವಿಗೆ ಮಷಿನ್ ಕೂರಿಸಿದರು. ಅಲ್ಲಿಯ ಮೇಡಂ ನಮ್ಮ ಸೊಸೆಗೆ ತಿಳಿಸಿ ಹೇಳಿದರು: ಮನೆಯಲ್ಲಿ ಗದ್ದಲ ಇಲ್ಲದ ಹೊತ್ತಿನಲ್ಲಿ ದಿನಾ ದನಿ ಕೇಳಿಸಬೇಕು, ಅದು ಎಲ್ಲಿಂದ ಬರುತ್ತದೆ ಎಂದು ಕೂಸಿಗೆ ಕಾಣಬಾರದು. ಮೂರು ತಿಂಗಳಲ್ಲಿ ದನಿಯ ಕಡೆಗೆ ತಿರುಗಿದರೆ ಮಷಿನ್ ಸಾಕು. ಇಲ್ಲದಿದ್ದರೆ ಕಿವಿಯ ಹಿಂದೆ ಕೊಯ್ದು ಆಪರೇಷನ್ ಮಾಡುವ ಮಾತು ಬರುತ್ತದೆ.

ನಾವು ಹಿಂದೆ ನಿಂತು ಚಪ್ಪಾಳೆ ಹೊಡೆದೆವು. ಕೂಸು ತಿರುಗುತ್ತಿತ್ತು. "ಕೇಳಿಸ್ತು!" ಎಂದು ನಾನು ಕುಣಿದರೆ, "ನಿನ್ನ ನೆರಳು ಕಂಡು ತಿರುಗಿದ್ಳಬೇ" ಎಂದು ಮಗ ಮುಖ ತಗ್ಗಿಸುತ್ತಿದ್ದ. ಮೊಬೈಲ್ ಹಚ್ಚಿದರೆ ಅದರ ಬೆಳಕು ನೋಡುತ್ತಿದ್ದಳು. ಕೇಳಿಸುತ್ತದೋ ಇಲ್ಲವೋ ಎಂಬ ಒಂದು ಮಾತು ಮನೆಯೊಳಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಉಣ್ಣಲು ಕೂತರೂ ಅದೇ ಮಾತು.

ಸೊಸೆ ಜಾಣೆ. ಹೆಬ್ಬೆರಳಿನಷ್ಟುದ್ದದ ಒಂದು ಹಾಡಿನ ಪ್ಲೇಯರ್ ಅವಳ ಹತ್ತಿರ ಇತ್ತು. ಅದರಲ್ಲಿ ನನ್ನ ಹಾಡು ತುಂಬಿದಳು. ನಾನು ಹೊಲದಲ್ಲಿ ಕಳೆ ತೆಗೆಯುವಾಗ ನಾನೇ ಕಟ್ಟಿಕೊಂಡು ಅನ್ನುವ ಹಾಡು, "ಕೆಂಪ ಆಕಳ ಕರುವೇ, ನಮ್ಮ ಅಂಗಳಕ ಬಾ, ನಿನ್ನ ಗೆಳತಿ ಎದ್ದಾಳ, ನೀ ಕುಣಕೋತ ಬಾ" ಎಂಬುದು. ಆದರೆ ಆ ಪ್ಲೇಯರಿಗೆ ಕಿವಿಗೆ ಸಿಕ್ಕಿಸುವ ವೈರು ಮಾತ್ರ ಇತ್ತು. ಮಷಿನ್ ಇರುವ ಕಿವಿಗೆ ಅದನ್ನು ಎಲ್ಲಿ ಸಿಕ್ಕಿಸುವುದು? ಒಂದು ಸ್ಪೀಕರ್ ತಂದರಾಯಿತು ಎಂದು ನಾನೂ ಸೊಸೆಯೂ ಹಾನಗಲ್ಲಿಗೆ ಹೋದೆವು.

"ಬರ್ರಿ ಅಕ್ಕಾರ, ಕುಂದರ್ರಿ" ಎಂದರು ಅಣ್ಣನವರು. ತಮಗಿಂತ ಎಂಟು ಹತ್ತು ವರ್ಷ ಸಣ್ಣವಳಾದ ನನಗೂ ಅಕ್ಕಾರ, ಬಳೆ ಅಂಗಡಿಯ ಹುಡುಗಿಗೂ ಅಕ್ಕಾರ.

ನಾನು ನೇರವಾಗಿ ಮೇಲಿನ ಸಾಲಿನ ದೊಡ್ಡದೊಂದಕ್ಕೆ ಬೆರಳು ಮಾಡಿದೆ. ಕೊಡಪಾನದಷ್ಟು ಗಾತ್ರ, ಒಳಗೆ ಕೆಂಪು ನೀಲಿ ದೀಪ ಸುತ್ತುತ್ತಿದ್ದವು. "ಅದನ್ನ ಕೊಡ್ರಿ. ಮೊಮ್ಮಗಳಿಗೆ."

"ಯಾಕ, ಮೊಮ್ಮಗಳ ಮದಿವಿ ಐತೇನ್ರಿ?"

"ಮೂರು ವರ್ಸಿನ ಕೂಸ್ರಿ ಅದು."

"ಮತ್ತ ಮೆರವಣಿಗಿ ಸಾಮಾನು ಯಾಕ ಕೇಳ್ತೀರಿ?"

ಸೊಸೆ ಎಲ್ಲವನ್ನೂ ಹೇಳಿದಳು, ಮಷಿನ್, ಮೇಡಂ, ಮೂರು ತಿಂಗಳು. ಅವರು ಕೈಯಲ್ಲಿದ್ದ ಕೆಲಸ ಕೆಳಗಿಟ್ಟರು. ಆಮೇಲೆ, "ದೀಪ ಕುಣಿಯೂದು ಬ್ಯಾಡ್ರಿ" ಎಂದರು. "ಕೂಸು ದೀಪ ನೋಡಿ ತಿರುಗತೈತಿ, ನೀವು ಕೇಳ್ತು ಅಂತ ಸಕ್ಕರಿ ಹಂಚತೀರಿ. ಮೋಸ ಆಗೂದು ಯಾರಿಗಿ?"

ಅವರು ಸ್ಪೀಕರ್ ಆರಿಸುವ ರೀತಿಯೇ ಬೇರೆ. ಮೂರನ್ನು ಸಾಲಾಗಿ ಇಟ್ಟು, ಸೊಸೆಯ ಪ್ಲೇಯರ್ ಸಿಕ್ಕಿಸಿ, "ನಾ ಕೈ ಎತ್ತಿದಾಗ ಒಂದೊಂದು ಹಚ್ಚವ್ವ" ಎಂದು ಹೇಳಿ ರಸ್ತೆ ದಾಟಿ ಆಚೆ ಚಹಾದಂಗಡಿಯ ಮುಂದೆ ಹೋಗಿ ನಿಂತರು. ನಡುವೆ ಟಂಟಂ, ಟ್ರ್ಯಾಕ್ಟರು, ಹಿರೇಕೆರೂರಿನ ಬಸ್ಸು. ಮೊದಲನೆಯದನ್ನು ಹಚ್ಚಿದಾಗ ಅಲ್ಲಿಂದಲೇ ಕೂಗಿದರು, "ಬರೇ ಡಬಡಬ ಬರಾಕತ್ತೈತಿ! ಮಾತು ಬರವಲ್ದು!" ಎರಡನೆಯದಕ್ಕೆ, ದನಿ ಮೂಗಿನಲ್ಲಿ ಬರುತ್ತದೆ ಎಂದು ಮೂಗು ಹಿಡಿದುಕೊಂಡು ತೋರಿಸಿದರು. ಮೂರನೆಯದು ಎಲ್ಲಕ್ಕಿಂತ ಸಣ್ಣದು, ಅಂಗೈಯಲ್ಲಿ ಹಿಡಿಯುವಂಥದ್ದು, ಬೂದಿ ಬಣ್ಣ. ಅದನ್ನು ಹಚ್ಚಿದೊಡನೆ ಆ ದೊಡ್ಡ ಮನುಷ್ಯರು ಬಸ್ ಸ್ಟ್ಯಾಂಡಿನ ಮಂದಿಯ ನಡುವೆ ನಿಂತು ನನ್ನ ಹಾಡನ್ನು ಒಂದೊಂದೇ ಮಾತಾಗಿ ಒಪ್ಪಿಸತೊಡಗಿದರು, "ಕೆಂಪ ಆಕಳ ಕರುವೇ! ನಮ್ಮ ಅಂಗಳಕ ಬಾ!"

"ಅಣ್ಣಾರ, ಆಕಳಾ ತಪ್ಪಿಸಿಕೊಂಡೈತೇನ್ರಿ?" ಎಂದು ಚಹಾದಂಗಡಿಯವನು ಕೇಳಿದ. ನಿಂತವರೆಲ್ಲ ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ತಿರುಗಿ ಬಂದು, "ಇದಽ ನಿಮ್ಮದು. ಗುಡುಗು ಯಾರಿಗರೇ ಕೇಳತೈತಿ, ಮಾತು ಕೇಳಬೇಕ್ರಿ" ಎಂದರು. "ಹಾಡಿದಾಕಿ ಯಾರು?"

"ನಾನಽ ರೀ."

"ಚಲೋ ಐತಿ ದನಿ. ರೇಡಿಯೋಕ್ಕ ಹೋಗಬೇಕಿತ್ತು ನೀವು."

"ಹೊಲಕ್ಕ ಹೋಗೂದ್ರಾಗ ವ್ಯಾಳ್ಯಾ ಆತ್ರಿ."

ನಾವು ಎದ್ದೆವು. ಅವರು ಬಿಡಲಿಲ್ಲ. "ಇದನ್ನ ಯಾರು ಹಚ್ಚತೀರಿ?" ಎಂದು ಕೇಳಿದರು. "ನಾನಽ ಹಚ್ಚತೇನ್ರಿ" ಎಂದೆ. "ನೀವು ಎದ್ದು ಹ್ವಾದ್ರ ಕೂಸು ನಿಮ್ಮ ಹಿಂದ ನೋಡತೈತಿ. ಯಾರೂ ಮುಟ್ಟಬಾರದು, ತಾನಽ ಹಾಡಬೇಕು." ಹೀಗೆಂದು ಗಾಜಿನ ಕಪಾಟಿನಿಂದ ಒಂದು ಗಡಿಯಾರದ ರೇಡಿಯೋ ತೆಗೆದರು. ಇಂಥವು ಎರಡಿದ್ದವು. ಒಂದು ಬಹಳ ಚೆಂದ, ಆದರೆ ಹೊತ್ತಾದಾಗ ಕೀಂ ಕೀಂ ಎಂದು ತನ್ನದೇ ರಾಗ ಹಾಡುತ್ತಿತ್ತು. ಅದನ್ನು ಬದಿಗೆ ಸರಿಸಿದರು. ಇನ್ನೊಂದಕ್ಕೆ ಹಿಂದೆ ಎರಡು ತೂತಿದ್ದವು. ಒಂದಕ್ಕೆ ಪ್ಲೇಯರ್, ಇನ್ನೊಂದಕ್ಕೆ ಸ್ಪೀಕರಿನ ಉದ್ದ ವೈರು. "ಪ್ಲೇಯರ್ ಒಳಗಿಂದೊಳಗ ಹಾಡಕೋತ ಇರತೈತಿ. ಹೊತ್ತಾದಾಗ ಗಡಿಯಾರ ಅದರ ಬಾಯಿ ಬಿಡಸತೈತಿ, ಆಮ್ಯಾಲೆ ತಾನಽ ಮುಚ್ಚಸತೈತಿ. ಗಡಿಯಾರ ಒಳಗಿನ ಕ್ವಾಣ್ಯಾಗ ಇರಲಿ, ಸ್ಪೀಕರ್ ಕೂಸಿನ ಬೆನ್ನ ಹಿಂದ ಇರಲಿ." ನನಗೆ ಗುಂಡಿ ಒತ್ತುವುದು ತಿಳಿಯದು ಎಂದು ತಾವೇ ಮಧ್ಯಾಹ್ನ ನಾಲ್ಕಕ್ಕೆ ಹೊಂದಿಸಿ, ಉಳಿದ ಗುಂಡಿಗಳ ಮೇಲೆಲ್ಲ ಪಟ್ಟಿ ಅಂಟಿಸಿಬಿಟ್ಟರು. "ಸಾಮಾನು ನಿಮಗ ಒಗ್ಗಬೇಕ್ರಿ, ನೀವು ಸಾಮಾನಿಗಿ ಒಗ್ಗೂದಲ್ಲ" ಎಂಬುದು ಅವರು ಯಾವಾಗಲೂ ಹೇಳುವ ಮಾತು.

ಮನೆಗೆ ತಂದು ನಾವು ಮಾಡಿದ್ದನ್ನು ಬರೆಯಲು ಈಗಲೂ ನಗು ಬರುತ್ತದೆ. ಹೊಸ ಸಾಮಾನು ಮನೆಗೆ ಬಂದರೆ ಪೂಜೆ ಮಾಡದೆ ಮುಟ್ಟುವುದುಂಟೇ? ಗೋಡೆಯ ಗೂಡಿನಲ್ಲಿ ಸ್ಪೀಕರ್ ಇಟ್ಟೆವು. ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡು ಹೂವು ಏರಿಸಿ, ಕಾಯಿ ಒಡೆದು, ಆರತಿ ಬೆಳಗಿದೆವು. ಮೊಮ್ಮಗಳನ್ನು ಮುಂದೆಯೇ ನಿಲ್ಲಿಸಿ ಕೈ ಮುಗಿಸಿದೆವು. ಮರುದಿನದಿಂದ ಅವಳು ಆ ಗೂಡಿನ ಮುಂದೆ ಹಾದು ಹೋದಾಗಲೆಲ್ಲ ನಿಂತು ಕೈ ಮುಗಿಯತೊಡಗಿದಳು. ಪೂಜೆಯ ಸಕ್ಕರೆ ಕೊಡುತ್ತಾರೆಂದು ಅಲ್ಲೇ ಕಣ್ಣು ನೆಟ್ಟು ಕೂರುವಳು. ನಾಲ್ಕಕ್ಕೆ ಹಾಡು ಬಂದಾಗಲೂ ಗೂಡನ್ನೇ ನೋಡುತ್ತಿದ್ದಳು, ಹಾಡು ನಿಂತ ಮೇಲೂ ಗೂಡನ್ನೇ ನೋಡುತ್ತಿದ್ದಳು! ಕೇಳಿ ನೋಡಿದಳೋ, ದೇವರೆಂದು ನೋಡಿದಳೋ?

ಸೊಸೆ ಅಣ್ಣನವರಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಆ ಕಡೆ ಬಹಳ ಹೊತ್ತು ನಗುವೇ ಕೇಳಿಸಿತು. "ಕಾಯಿನೂ ಒಡದ್ರಾ? ನೀರು ಒಳಗ ಹೋಗಿಲ್ಲಲ್ಲ?" ಎಂದರು. ನಗು ನಿಂತ ಮೇಲೆ, "ನಾಳೆ ಬರ್ತೇನಿ. ಕೂಸನ್ನ ಮಧ್ಯಾಹ್ನ ಬಾಜೂ ಮನಿಗಿ ಕಳಸ್ರಿ" ಎಂದರು.

ಅಂಗಡಿ ಮುಚ್ಚಿ ಬಸ್ಸು ಹಿಡಿದು ಬಂದರು. ಚೆಂಡು ಹೂವು ತೆಗೆದು, ಹಳೇ ಬ್ರಶ್ಶಿನಿಂದ ಸ್ಪೀಕರಿನ ಜಾಲರಿಯೊಳಗಿನ ವಿಭೂತಿಯನ್ನೆಲ್ಲ ಕೆರೆದು, ಗೋವಿನಜೋಳದ ಚೀಲಗಳ ಹಿಂದೆ ಅದನ್ನು ಅಡಗಿಸಿದರು. ಗೂಡಿನಲ್ಲಿ ಬರೀ ಡಬ್ಬಿಯೊಂದನ್ನು ಇಟ್ಟು ಹೂವು ಏರಿಸಿದರು. "ಅಕಿ ಇದಕ್ಕ ಕೈ ಮುಗೀಲಿ, ಪುಣ್ಯಾನರೇ ಬರತೈತಿ" ಎಂದರು. ಆಮೇಲೆ ನಮ್ಮನ್ನೆಲ್ಲ ಕೂರಿಸಿ ತಾಕೀತು ಮಾಡಿದರು. "ಹಾಡು ಬಂದಾಗ ಯಾರೂ ಚೀಲದ ಕಡೆ ನೋಡಬಾರದು. ನೀವು ನೋಡಿದ್ರ ನಿಮ್ಮ ಕಣ್ಣು ಹಿಡಕೊಂಡು ಅಕಿನೂ ನೋಡ್ತಾಳ. ಅಕ್ಕಾರ, ನಿಮಗಽ ಹೇಳಾಕತ್ತೇನಿ. ನಿಮ್ಮ ಮಾರಿಮ್ಯಾಲೆ ಏನೂ ನಿಲ್ಲೂದಿಲ್ಲ."

ನಾನು ಶೇಂಗಾ ಸುಲಿಯಲು ಕೂತೆ. ಪಕ್ಕದ ಮನೆಯಿಂದ ಬಂದ ಮೊಮ್ಮಗಳು ಎದುರಿಗೆ ಸಿಪ್ಪೆಯ ರಾಶಿ ಮಾಡುತ್ತಿದ್ದಳು. ನಾಲ್ಕಾಯಿತು. ನನ್ನದೇ ದನಿ ಚೀಲಗಳ ಹಿಂದಿನಿಂದ ಬಂತು. ನಾನು ಕತ್ತು ಎತ್ತಲಿಲ್ಲ. ಒಂದೇ ಕಾಯಿಯನ್ನು ಎಷ್ಟು ಹೊತ್ತು ಹಿಸುಕಿದೆನೋ. ಹಾಡು ಮುಗಿಯಿತು. ಮೊಮ್ಮಗಳು ಸಿಪ್ಪೆಯ ರಾಶಿ ಮಾಡುತ್ತಲೇ ಇದ್ದಳು.

ಮಗ ಎದ್ದು ಹೊರಗೆ ಹೋದ. ಅವರು ಚಹಾ ಕುಡಿದು ಮುಗಿಸಿ, ನನ್ನ ಕಡೆ ನೋಡದೆ, "ಹೊಸಬರ ದನಿ ಗುರ್ತಾ ಹಿಡ್ಯಾಕ ನಮಗಽ ನಾಕು ದಿನಾ ಬೇಕ್ರಿ. ಅಕಿಗಿ ಲೋಕದಾಗಿನ ದನಿ ಎಲ್ಲಾ ಹೊಸಬರು" ಎಂದರು. ಆ ಮಾತನ್ನು ಹಿಡಿದುಕೊಂಡೇ ನಾನು ಮುಂದಿನ ದಿನಗಳನ್ನು ದೂಡಿದೆ.

ಅಂದಿನಿಂದ ದಿನಾ ಐದಕ್ಕೆ ಅವರ ಫೋನು. "ಏನ್ರಿ ಅಕ್ಕಾರ?" "ಇಲ್ರಿ." "ಆತು, ನಾಳೆ." ಅಷ್ಟೇ ಮಾತು. ಒಂದು ದಿನವೂ ತಪ್ಪಿಸಲಿಲ್ಲ, ಒಂದು ದಿನವೂ ಸುಳ್ಳು ಸಮಾಧಾನ ಹೇಳಲಿಲ್ಲ. ಹದಿನೈದು ದಿನ ಕಳೆದಿರಬಹುದು, ಇಪ್ಪತ್ತಾಗಿರಬಹುದು.

ಆ ದಿನ ನಾನು ಅಕ್ಕಿ ಹಸನು ಮಾಡುತ್ತಿದ್ದೆ. ಹಾಡು ಬಂತು. ಮೊಮ್ಮಗಳ ಕೈ ನಿಂತಿತು. ನಾನು ಮೊರದ ಮೇಲಿಂದ ಕಣ್ಣು ಎತ್ತಲಿಲ್ಲ. ಅವಳ ಕಾಲಿನ ಗೆಜ್ಜೆ ನನ್ನನ್ನು ದಾಟಿ ಹೋಯಿತು. ಚೀಲ ಕೆರೆಯುವ ಸಪ್ಪಳ. ಇನ್ನು ತಡೆಯಲಾಗಲಿಲ್ಲ, ನೋಡಿದೆ. ಎರಡು ಚೀಲಗಳ ಸಂದಿಯಲ್ಲಿ ತಲೆ ತೂರಿಸಿದ್ದಳು. ತಲೆ ಹೊರಗೆ ತೆಗೆದವಳು ಒಳಗೆ ಬೆರಳು ಮಾಡಿದಳು. ಆಮೇಲೆ ನನ್ನ ಬಾಯಿಗೆ ಬೆರಳು ಮಾಡಿದಳು. ಮತ್ತೆ ಚೀಲಕ್ಕೆ, ಮತ್ತೆ ನನ್ನ ಬಾಯಿಗೆ. ಕೇಳಿಸಿದ್ದಷ್ಟೇ ಅಲ್ಲ, ಅಲ್ಲಿ ಹಾಡುವವಳು ನಾನೇ ಎಂದು ಗುರುತು ಹಿಡಿದಿದ್ದಳು ನನ್ನ ಬಂಗಾರ!

ಮೊರ ಎಲ್ಲಿ ಬಿತ್ತೋ, ಅಕ್ಕಿ ಎಲ್ಲಿ ಚೆಲ್ಲಿತೋ. ಐದಕ್ಕೆ ಫೋನು ಬಂದಾಗ ನಾನು ಬರೀ ಬಿಕ್ಕಿದೆ. ಅವರು ಕೇಳಿಸಿಕೊಂಡು, "ಈಗ ಹಂಚ್ರಿ ಸಕ್ಕರಿ" ಎಂದರು.

ಹುಬ್ಬಳ್ಳಿಯ ಮೇಡಂ ಮತ್ತೆ ಪರೀಕ್ಷೆ ಮಾಡಿ, ಮಷಿನ್ನಿನಿಂದಲೇ ಸಾಗುತ್ತದೆ, ಮಾತು ಕಲಿಸಿರಿ ಎಂದರು. ಕಲಿಸಿದೆವು. ಈಗ ಎರಡನೇ ಇಯತ್ತೆ, ನನ್ನ ಸರಿಸಮ! ತುಸು ಜೋರಾಗಿ ಮಾತಾಡುತ್ತಾಳೆ, ಆದರೆ ಒಂದು ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಸಂತೆಗೆ ಹೋದಾಗ ಅವರ ಅಂಗಡಿಯಲ್ಲಿ ಕೂತು ಪ್ರಶ್ನೆಗಳ ಮಳೆ ಸುರಿಸುತ್ತಿದ್ದಳು. ಅವರು ಕೆಲಸ ಬಿಟ್ಟು ಒಂದೊಂದಕ್ಕೂ ಉತ್ತರ ಕೊಡುತ್ತಿದ್ದರು. ಗಿರಾಕಿ ಅವಸರ ಮಾಡಿದರೆ, "ತಡೀರಿ, ಇಲ್ಲಿ ದೊಡ್ಡ ಮಂದಿ ಮಾತಾಡಾಕತ್ತೇವಿ" ಎನ್ನುತ್ತಿದ್ದರು.

ಹೋದ ಶ್ರಾವಣದಲ್ಲಿ, ಬೆಳಗಿನ ಹೊತ್ತು, ಅಂಗಡಿಗೆ ಹೊರಟು ನಿಂತ ಅಣ್ಣನವರು ಹಾಗೇ ಕೂತರಂತೆ, ಮತ್ತೆ ಏಳಲಿಲ್ಲ. ಸುದ್ದಿ ತಿಳಿದು ನಾವೆಲ್ಲ ಹೋದೆವು. ಅವರ ದೇಹವನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಮಂದಿ ತುಂಬಿತ್ತು. ಮೊಮ್ಮಗಳು ಅವರನ್ನೇ ನೋಡುತ್ತ ನಿಂತಿದ್ದವಳು ತನ್ನ ಜೋರು ದನಿಯಲ್ಲಿ ಕೇಳಿಯೇಬಿಟ್ಟಳು:

"ಆಯಿ, ಅಜ್ಜಾರು ಯಾಕ ಮಾತಾಡವಲ್ರು?"

ಎಲ್ಲರೂ ತಿರುಗಿ ನೋಡಿದರು. ಹಿರಿಯರೊಬ್ಬರು, "ಏ ಕೂಸ, ಬಾಯಿ ಮುಚ್ಚು" ಎಂದು ಗದರಿದರು. ನಾನು ಅವಳನ್ನು ಸೆರಗಿನೊಳಗೆ ಎಳೆದುಕೊಂಡೆ. ಆಗ ಅವರ ಹೆಂಡತಿ ಮುಖ ಎತ್ತಿದರು. ಅತ್ತು ಅತ್ತು ಕಣ್ಣು ಬಾತುಹೋಗಿದ್ದವು.

"ಯಾರೂ ಆ ಕೂಸನ್ನ ಸುಮ್ಮನಿರಸಬ್ಯಾಡ್ರಿ" ಎಂದರು. "ಅದರ ದನಿ ಸಲುವಾಗಿ ಅವರು ಇಪ್ಪತ್ತು ದಿನಾ ನೆಟ್ಟಗ ಉಂಡಿರಲಿಲ್ಲ. ಬಾರವ್ವ, ಇಲ್ಲಿ ಅವರ ಬಾಜೂಕ ಕುಂತು ಮಾತಾಡು."

ಅವರು ಉಂಡಿರಲಿಲ್ಲ ಎಂಬುದು ನನಗೆ ಅಂದೇ ಗೊತ್ತಾದದ್ದು. ಮೊಮ್ಮಗಳು ಹೋಗಿ ಕೂತಳು, ಶಾಲೆಯ ಸುದ್ದಿ ಹೇಳತೊಡಗಿದಳು. ಯಾರೂ ತಡೆಯಲಿಲ್ಲ.