ಒಂದು ಕುಟುಂಬಕ್ಕೆ ಒಂದೇ ಕ್ಯಾನ್

ನಮ್ಮ ಮನೆಯಲ್ಲಿರುವುದು ಮೂರೇ ಜನ. ಬಕೆಟ್‌ಗಳು ಮಾತ್ರ ಡಜನ್ನಿನ ಹತ್ತಿರ ಇವೆ. ಒಂದನ್ನೂ ನಾವು ಬೇಕೆಂದು ಕೊಂಡದ್ದಲ್ಲ. ಎಲ್ಲವೂ ಬಟ್ಟೆ ಒಗೆಯುವ ಪುಡಿಯ ಜೊತೆಗೆ ಉಚಿತವಾಗಿ ಬಂದವು. ಪುಡಿ ಕರಗಿ ಹೋಗುತ್ತದೆ, ಬಕೆಟ್ ಉಳಿಯುತ್ತದೆ. ಒಂದರಲ್ಲಿ ಈರುಳ್ಳಿ, ಇನ್ನೊಂದರಲ್ಲಿ ಹಳೇ ಪೇಪರು, ತಾರಸಿಯ ಮೇಲಿನವುಗಳಲ್ಲಿ ದೊಡ್ಡಪತ್ರೆ ಮತ್ತು ಕರಿಬೇವು. ನೆಂಟರು ಹೊರಡುವಾಗ ಅರಿಶಿನ ಕುಂಕುಮದ ಜೊತೆ ಒಂದೊಂದು ಬಕೆಟ್ಟನ್ನೂ ಕೊಟ್ಟು ಕಳಿಸೋಣವೇ ಎಂದು ನನ್ನ ಗಂಡ ನಾಗರಾಜ್ ಒಮ್ಮೆ ಕೇಳಿದರು. ತಮಾಷೆಗೆ ಕೇಳಿದರೋ ನಿಜವಾಗಿ ಕೇಳಿದರೋ ಗೊತ್ತಾಗಲಿಲ್ಲ. ನಾನಂತೂ ಒಂದು ಗಳಿಗೆ ಯೋಚಿಸಿದೆ.

ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರ ಅಡುಗೆಮನೆಯಲ್ಲಿ ಚಮಚ ಇಡುವ ಡ್ರಾಯರಿನಲ್ಲಿ ನಾನು ಕೂಪನ್ ಇಡುತ್ತೇನೆ. ಭಾನುವಾರದ ಪೇಪರ್ ಬಂದರೆ ಬೇರೆಯವರು ಮುಖಪುಟ ನೋಡುತ್ತಾರೆ, ನಾನು ಕತ್ತರಿ ಹುಡುಕುತ್ತೇನೆ. ಹಿಂಬದಿಯಲ್ಲಿ ಯಾವ ಸರಕಾರದ ಸುದ್ದಿ ಇದೆಯೋ ನನಗೆ ಸಂಬಂಧವಿಲ್ಲ. ನಮ್ಮ ಮನೆಯಲ್ಲಿ ಪೇಪರ್ ಓದುವವರು ಕಿಂಡಿಗಳ ನಡುವೆ ಓದಿಕೊಳ್ಳಬೇಕು. ಹೆಬ್ಬಾಳದ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುವ ಕೆಲಸ ನನ್ನದು. ಲೆಕ್ಕ ಬರುವ ಹೆಂಗಸು ಹೀಗೆ ಮರುಳಾಗುವುದುಂಟೇ ಎಂದು ನೀವು ಕೇಳಬಹುದು. ಲೆಕ್ಕ ಬರುತ್ತದೆಂಬ ಧೈರ್ಯದಿಂದಲೇ ಮರುಳಾಗುವುದು. ಡೆಲಿವರಿಗೆ ಕೊಡಬೇಕಾದ ಮೂವತ್ತು ರೂಪಾಯಿ ಉಳಿಸಲು ಮುನ್ನೂರು ರೂಪಾಯಿಯ ಪಿಸ್ತಾ ತರಿಸಿದ ದಿನವೂ ನನ್ನ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇತ್ತು.

ಇದೆಲ್ಲ ಹೊಸ ಕಾಲದ ಹುಚ್ಚು ಎಂದು ಹೇಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅವರು ಕೊಸರನ್ನು ಮರೆತಿದ್ದಾರೆ. ಆರ್.ಟಿ. ನಗರದಲ್ಲಿ ನಾನು ಚಿಕ್ಕವಳಾಗಿದ್ದಾಗ ಅಮ್ಮನ ಜೊತೆ ತರಕಾರಿಗೆ ಹೋಗುತ್ತಿದ್ದೆ. ತೂಕವೆಲ್ಲ ಆಗಿ, ಬೆಲೆಯೆಲ್ಲ ತೀರ್ಮಾನವಾಗಿ, ದುಡ್ಡು ಕೈ ಬದಲಾದ ಮೇಲೂ ಅಮ್ಮ ಅಲ್ಲಿಂದ ಕದಲುತ್ತಿರಲಿಲ್ಲ. ಚೀಲದ ಬಾಯಿ ಅಗಲಿಸಿಕೊಂಡು ನಿಂತಿರುತ್ತಿದ್ದಳು. ತರಕಾರಿಯಾಕೆ ಗೊಣಗುತ್ತಲೇ ಎರಡು ಹಸಿಮೆಣಸಿನಕಾಯಿ, ಒಂದು ಹಿಡಿ ಕರಿಬೇವು ಎಸೆಯುತ್ತಿದ್ದಳು. ಅದು ಬಿದ್ದ ಮೇಲೇ ವ್ಯಾಪಾರ ಮುಗಿದಂತೆ. ಮನೆಗೆ ಬಂದು ಅಪ್ಪನಿಗೆ ಅಮ್ಮ ಹೇಳುತ್ತಿದ್ದದ್ದೂ ಬದನೆಕಾಯಿಯ ವಿಷಯವನ್ನಲ್ಲ, ಕೊಸರಿನ ವಿಷಯವನ್ನು. ಇವತ್ತಿನ ಕ್ಯಾಶ್‌ಬ್ಯಾಕ್ ಎನ್ನುವುದು ಇದೇ ಕೊಸರು. ಆಗ ಚೀಲಕ್ಕೆ ಬೀಳುತ್ತಿತ್ತು, ಈಗ ಫೋನಿಗೆ ಬೀಳುತ್ತದೆ. ವ್ಯತ್ಯಾಸವೆಂದರೆ ದುಡ್ಡು ಕಟ್ಟಿದ ಮೇಲೆ ಫೋನಿನಲ್ಲಿ ಬರುವ ಬಹುಮಾನದ ಕಾರ್ಡನ್ನು ಬೆರಳಿನಿಂದ ಉಜ್ಜಿದಾಗ ಎಷ್ಟೋ ಸಲ ಏನೂ ಇರುವುದಿಲ್ಲ. ಆ ತರಕಾರಿಯಾಕೆ ಅಷ್ಟು ಕಟುಕಿಯಾಗಿರಲಿಲ್ಲ.

ಕೊಸರಿನ ರುಚಿ ಇರುವುದು ಕರಿಬೇವಿನಲ್ಲಲ್ಲ. ಅದನ್ನು ಗಿಟ್ಟಿಸಿದ್ದನ್ನು ಯಾರಾದರೂ ಮೆಚ್ಚಬೇಕು. ಅಮ್ಮನಿಗೆ ಅಪ್ಪ ಇದ್ದರು, ತಲೆಯಾಡಿಸಿ "ಭೇಷ್" ಅನ್ನುತ್ತಿದ್ದರು. ನನ್ನ ಕಷ್ಟ ಇರುವುದು ಇಲ್ಲಿಯೇ. ನನ್ನ ಗಂಡ ಎಲ್ಲವನ್ನೂ ಮೆಚ್ಚುತ್ತಾರೆ, ಆದ್ದರಿಂದ ಅದಕ್ಕೆ ಬೆಲೆ ಇಲ್ಲ. ನಾನು ಮೆಚ್ಚಿಸಬೇಕೆಂದು ಹೊರಟದ್ದು ನನ್ನ ಅತ್ತೆಯನ್ನು.

ಅತ್ತೆ ಚಿಕ್ಕಬಾಣಾವರದ ಒಕ್ಕಲು ಮನೆಯವರು. ಹೊಲ ಲೇಔಟ್ ಆಗುವ ಮುಂಚೆ ಆ ಹೊಲದಲ್ಲಿ ರಾಗಿ ಬೆಳೆದವರು. ಮದುವೆಯಾಗಿ ಬಂದ ಮೇಲೆ ದೊಡ್ಡ ಸಂಸಾರಕ್ಕೆ ಬೇಯಿಸಿ ಹಾಕಿದವರು. ಅವರ ಬಾಯಿಂದ ಹೊಗಳಿಕೆ ಬರುವುದಿಲ್ಲ. ಬೈಗುಳವೂ ಬರುವುದಿಲ್ಲ, ಅದನ್ನೂ ಹೇಳಬೇಕು. ನಾನು ಏನೇ ಮಾಡಿ ಬಡಿಸಿದರೂ ಒಂದೇ ತೀರ್ಪು: "ತಿನ್ಬೋದು." ದೀಪಾವಳಿಯ ಹೋಳಿಗೆಯೂ ತಿನ್ಬೋದು, ಜ್ವರ ಬಂದ ದಿನದ ಗಂಜಿಯೂ ತಿನ್ಬೋದು. ಮದುವೆಯಾದಂದಿನಿಂದ ನಾನು ಆ ಒಂದು ಮಾತಿನಿಂದ ಮೇಲಕ್ಕೆ ಹತ್ತಲು ನೋಡುತ್ತಿದ್ದೇನೆ. ಅಡುಗೆಯಲ್ಲಿ ಅವರನ್ನು ಗೆಲ್ಲುವುದು ಆಗದ ಮಾತು ಎಂದು ಗೊತ್ತಾದ ಮೇಲೆ ಉಳಿತಾಯದಲ್ಲಾದರೂ ಜಾಣೆ ಅನ್ನಿಸಿಕೊಳ್ಳೋಣ ಎಂದು ಕತ್ತರಿ ಹಿಡಿದೆ. ಕೂಪನ್ ಹಿಡಿದು ಬೇಳೆ ತಂದು, "ಅತ್ತೆ, ಅಂಗಡಿಗಿಂತ ಎಷ್ಟು ಕಮ್ಮಿಗೆ ಬಂತು ಗೊತ್ತಾ" ಎಂದರೆ ಅವರು ನಾಲ್ಕು ಕಾಳು ಅಂಗೈ ಮೇಲೆ ಹಾಕಿಕೊಂಡು ನೋಡಿ, "ಬೇಯ್ತದಾ?" ಎಂದು ಕೇಳುತ್ತಿದ್ದರು.

ಆಮೇಲೆ ವಾರದ ಅಡುಗೆಯ ಯೋಜನೆ ಬಂತು. ಭಾನುವಾರ ಸಂಜೆ ಕೂತು ಸೋಮವಾರದಿಂದ ಶನಿವಾರದವರೆಗೆ ಏನೇನು ಎಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದು. ಇದರಲ್ಲಿ ನಿಜವಾಗಿಯೂ ದುಡ್ಡು ಉಳಿಯುತ್ತದೆ, ನಂಬಿ. ಅರ್ಧ ಹೆಚ್ಚಿದ ಕೋಸು ಫ್ರಿಜ್ಜಿನ ಮೂಲೆಯಲ್ಲಿ ಕಪ್ಪಾಗುವುದು ತಪ್ಪುತ್ತದೆ. ಸೋಮವಾರ ಬಸ್ಸಾರು ಎಂದಾದರೆ ಬಸಿದ ಸೊಪ್ಪು ಪಲ್ಯವಾಗುತ್ತದೆ, ಮಂಗಳವಾರಕ್ಕೆ ಹುರುಳಿಕಾಳು ನೆನೆಯಲು ಬೀಳುತ್ತದೆ. ಮೊದಲ ಸಲ ಆ ಹಾಳೆ ಕಂಡಾಗ ಅತ್ತೆ ಕನ್ನಡಕ ಹಾಕಿಕೊಂಡು ಬಂದು ಓದಿದರು. "ಸಾರಿಗೂ ರೈಲಿನಂಗೆ ಟೈಮ್ ಟೇಬಲ್ಲಾ?" ಎಂದು ಕೇಳಿ ಹೊರಗೆ ಹೋದರು. ಅಷ್ಟೇ. ಆಮೇಲೆ ಆ ಹಾಳೆಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಅವರಿಗೆ ಬೇಜಾರಾಗಿದೆ, ಅವರ ಅಡುಗೆಮನೆಯನ್ನು ನಾನು ಕಿತ್ತುಕೊಂಡೆ ಎಂದುಕೊಂಡಿದ್ದಾರೆ ಎಂಬ ಅಳುಕು ನನ್ನಲ್ಲಿ ಉಳಿದೇಹೋಯಿತು. ಅವರೆಕಾಯಿಯ ಕಾಲದಲ್ಲಿ ಹುಣಸಮಾರನಹಳ್ಳಿಯ ನೆಂಟರು ಒಂದು ಮೂಟೆ ಅವರೆಕಾಯಿ ತಂದು ಇಳಿಸಿದಾಗ ನನ್ನ ಯೋಜನೆಯೆಲ್ಲ ಮಣ್ಣುಪಾಲಾಗುತ್ತದೆ, ವಾರವಿಡೀ ಹಿದುಕಿದ ಬೇಳೆಯೇ ಗತಿ. ಆಗ ಅತ್ತೆ ಆ ಮೂಟೆಯ ಮುಂದೆ ಕಾಲು ಚಾಚಿ ಕೂತು ಅವರೆ ಬಿಡಿಸುವ ಸಂತೋಷ ಕಂಡು ನನ್ನ ಅಳುಕು ಇನ್ನಷ್ಟು ಹೆಚ್ಚುತ್ತಿತ್ತು.

ಹೀಗಿರುವಾಗ ಕಳೆದ ಯುಗಾದಿಗೆ ಮುಂಚೆ, ಯಲಹಂಕ ನ್ಯೂ ಟೌನಿನಲ್ಲಿ ಹೊಸದಾಗಿ ತೆರೆದ ಒಂದು ಸೂಪರ್ ಮಾರ್ಕೆಟ್ಟಿನವರು ಪೇಪರಿನಲ್ಲಿ ಕೂಪನ್ ಹಾಕಿದರು. ಐದು ಲೀಟರ್ ಅಡುಗೆ ಎಣ್ಣೆಯ ಕ್ಯಾನ್ ಅರ್ಧ ಬೆಲೆಗೆ. ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ "ಒಂದು ಕುಟುಂಬಕ್ಕೆ ಒಂದೇ ಕ್ಯಾನ್" ಎಂದಿತ್ತು. ನಮ್ಮ ಮನೆಯ ಪೇಪರಿನದೊಂದು, ಪಕ್ಕದ ಮನೆಯವರದೊಂದು, ನಾಗರಾಜ್ ಆಫೀಸಿನಿಂದ ತಂದದ್ದೊಂದು, ಹೀಗೆ ಮೂರು ಕೂಪನ್ ಸೇರಿದವು. ಬಿಲ್ ಮಾಡುವಾಗ ಫೋನ್ ನಂಬರ್ ಕೇಳುತ್ತಾರೆ. ನಮ್ಮ ಮೂವರ ಹತ್ತಿರವೂ ಬೇರೆ ಬೇರೆ ಫೋನಿದೆ. ಅತ್ತೆ ತಮ್ಮದರಲ್ಲಿ ಧಾರಾವಾಹಿ ನೋಡುತ್ತಾರೆ. ಇನ್ನೇನು ಬೇಕು? ಹಬ್ಬದ ಕರಿದ ತಿಂಡಿಯ ಹೊಗೆ ನನ್ನ ಕಣ್ಣಿಗೆ ಆಗಲೇ ಕಾಣತೊಡಗಿತು.

ಅಟ್ಟೂರಿನಿಂದ ಅಲ್ಲಿಗೆ ಹೋಗುವಷ್ಟರಲ್ಲಿ ಕಾರಿನಲ್ಲೇ ತರಬೇತಿ ಕೊಟ್ಟೆ. ಒಳಗೆ ಹೋದ ಮೇಲೆ ನಾವು ಯಾರೋ, ನೀವು ಯಾರೋ. ಮಾತಾಡುವಂತಿಲ್ಲ, ನೋಡಿ ನಗುವಂತಿಲ್ಲ. ಅತ್ತೆಯಿಂದ ಅವರ ನಂಬರನ್ನು ಮತ್ತೆ ಮತ್ತೆ ಹೇಳಿಸಿದೆ. ಅವರು ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದರು. "ಸಿಕ್ಕಾಕ್ಕೊಂಡ್ರೆ ಪೊಲೀಸ್ನೋರು ಬತ್ತಾರಾ?" ಎಂದು ಮಾತ್ರ ಕೇಳಿದರು. ಭಯದಿಂದ ಕೇಳಿದಂತೆ ಅನ್ನಿಸಲಿಲ್ಲ, ಬಂದರೆ ನೋಡೋಣ ಎಂಬ ಉತ್ಸಾಹವಿತ್ತು.

ನಾಗರಾಜ್ ಬೇರೆ ಸಾಲಿನಲ್ಲಿ ನಿಂತು, ಪ್ರಪಂಚದಲ್ಲಿ ತನಗೆ ಯಾರೂ ಇಲ್ಲದವರ ಮುಖ ಮಾಡಿಕೊಂಡು, ಕ್ಯಾನ್ ಗೆದ್ದು ಹೊರಗೆ ಹೋದರು. ಅಂಗಡಿಗೆ ಹೋದಾಗಲೆಲ್ಲ ಅವರ ಮುಖ ಹಾಗೇ ಇರುವುದರಿಂದ ಕಷ್ಟವಾಗಲಿಲ್ಲ. ನಮ್ಮ ಸಾಲು ಅಕ್ಕಿ ಮೂಟೆಗಳವರೆಗೆ ಬೆಳೆದಿತ್ತು. ನನ್ನ ಹಿಂದೆ ಅತ್ತೆ, ಅವರ ಹಿಂದೆ ಕಂಕುಳಲ್ಲಿ ಮಗು ಎತ್ತಿಕೊಂಡ ಒಬ್ಬ ಹೆಂಗಸು. ನಾನು ನೆಟ್ಟಗೆ ಮುಂದೆ ನೋಡುತ್ತಾ ನಿಂತಿದ್ದೆ. ಬೆನ್ನಿಗೆ ಬುಟ್ಟಿ ತಾಗಿತು.

"ಯಾವ ಕಡೆಯಾಯ್ತವ್ವ ನಿಮ್ದು?" ಎಂದು ಕೇಳಿದರು ಅತ್ತೆ.

ನಾನು ಹಿಂತಿರುಗದೆ, "ಅಟ್ಟೂರು" ಎಂದೆ.

"ಓ, ನಮ್ದೂ ಅದೇ ಕಡೆ. ಮನೇಲಿ ಅತ್ತೆ ಅವ್ರಾ?"

"ಇದಾರೆ."

"ಎಂಗೆ? ಒಳ್ಳೆಯವ್ರಾ?"

ಇಂಥ ಪ್ರಶ್ನೆಗೆ ಯಾವ ಸೊಸೆ ತಾನೇ ಸಿದ್ಧಳಾಗಿ ಬಂದಿರುತ್ತಾಳೆ? "ಒಳ್ಳೆಯವ್ರೇ. ಮಾತು ಸ್ವಲ್ಪ ಕಡಿಮೆ" ಎಂದೆ.

"ಕಮ್ಮಿ ಇದ್ರೆ ಒಳ್ಳೇದೇ ಬುಡವ್ವ," ಎಂದರು ಅತ್ತೆ.

ಇಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಸಾಲು ಕದಲದೆ ಬೇಸತ್ತಿದ್ದ ಮಗುವಿನ ತಾಯಿ, "ನಿಮ್ ಸೊಸೆ ಹೆಂಗಜ್ಜಿ?" ಎಂದು ಕೇಳಿದಳು.

ಇಷ್ಟು ವರ್ಷ ನಾನು ಕೇಳಲಾಗದ ಪ್ರಶ್ನೆಯನ್ನು ಹೆಸರೂ ಗೊತ್ತಿಲ್ಲದ ಒಬ್ಬಳು ಅಷ್ಟು ಸಲೀಸಾಗಿ ಕೇಳಿಬಿಟ್ಟಿದ್ದಳು.

"ನನ್ ಸೊಸೆನಾ? ಬಲೇ ಜಿಪುಣಿ," ಎಂದರು ಅತ್ತೆ. ಸಾಲಿನಲ್ಲಿ ನಾಲ್ಕು ಜನ ನಕ್ಕರು. "ಒಂದು ಸೋಪಿಗೆ ಮೂರು ಅಂಗಡಿ ಸುತ್ತತಾಳೆ. ಮನೆ ತುಂಬ ಬಕೀಟು, ಕಾಲಿಡಕ್ಕೆ ಜಾಗ ಇಲ್ಲ."

ನನ್ನ ಕಿವಿ ಬಿಸಿಯಾಯಿತು. ಅತ್ತೆ ಬೇರೆಯದೇ ದನಿಯಲ್ಲಿ ಮುಂದುವರಿಸಿದರು.

"ಆದ್ರೂ ಒಂದ್ ಮಾತವ್ವ. ನಾನು ಮದ್ವೆಯಾಗಿ ಬಂದಾಗ್ಲಿಂದ ಬೆಳಗ್ಗೆ ಕಣ್ಬುಟ್ರೆ ಒಂದೇ ಯೋಚ್ನೆ, ಇವತ್ತೇನ್ ಸಾರು ಮಾಡ್ಲಿ ಅಂತ. ಮನೆ ತುಂಬ ಜನ, ಅಷ್ಟು ಜನ್ರಲ್ಲಿ ಒಬ್ರೂ ನಂಗೆ ಏನ್ ಮಾಡು ಅಂತ ಯೋಳ್ಲಿಲ್ಲ. ಮಾಡಿದ್ಮ್ಯಾಲೆ ಇಂಗ್ ಮಾಡ್ಬೇಕಿತ್ತು ಅಂತ ಯೋಳೋರು. ಇವ್ಳು ಬಂದು ವಾರದ್ದೆಲ್ಲ ಬರ್ದು ಫ್ರಿಜ್ಜಿಗೆ ಅಂಟಿಸ್ಬುಟ್ಳು. ಮೊದ್ಲು ನಂಗೆ ಕ್ವಾಪ ಬಂತು. ಈಗ ಎದ್ದೇಟ್ಗೆ ಅದ್ನ ಒಂದ್ ಕಿತ ನೋಡ್ತೀನಿ. ಕಾಪಿ ತಗಂಡು ಬಾಗ್ಲಲ್ಲಿ ಕುಂತ್ಕತೀನಿ. ತಲೇಲಿ ಏನೂ ಇರಾಕಿಲ್ಲ. ಅಂಗ್ ಕುಂತಿದ್ದು ನನ್ ಜೀವ್ಮಾನ್ದಲ್ಲೇ ಇಲ್ಲ ಕಣವ್ವ."

"ಹಂಗಾದ್ರೆ ಒಳ್ಳೇ ಸೊಸೆ" ಎಂದಳು ಆ ಹೆಂಗಸು.

"ಊಂ. ಅವ್ಳ ಮುಂದೆ ಯೋಳಕ್ಕಾಯ್ತದಾ? ತಲೆ ಮ್ಯಾಲೆ ಕುಂತ್ಕತಾಳೆ."

ನಾನು ಹಿಂತಿರುಗಿ ನೋಡುವಂತಿರಲಿಲ್ಲ, ನಿಯಮ ಮಾಡಿದವಳೇ ನಾನು. ಕೌಂಟರಿನ ಪಕ್ಕ ತೂಗುಹಾಕಿದ್ದ ಟಾರ್ಚ್ ಸೆಲ್ಲುಗಳನ್ನು ದಿಟ್ಟಿಸುತ್ತಾ ನಿಂತೆ. ಅವು ನೀರಿನೊಳಗಿದ್ದಂತೆ ಕಂಡವು. ಬಿಲ್ ಮಾಡುವಾಕೆ ನಂಬರ್ ಕೇಳಿದಾಗ ಹೇಳಿದೆ, ಕೂಪನ್ ಕೊಟ್ಟೆ, ಕ್ಯಾನ್ ಎತ್ತಿಕೊಂಡು ನಾಲ್ಕು ಹೆಜ್ಜೆ ಆಚೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಆಗ ಅತ್ತೆಯ ಸರದಿ.

"ಅಜ್ಜಿ, ಫೋನ್ ನಂಬರ್ ಹೇಳಿ."

ಅತ್ತೆ ಒಂದು ಅಂಕಿಯಲ್ಲೂ ತಡವರಿಸದೆ ಹತ್ತೂ ಅಂಕಿಗಳನ್ನು ಗಟ್ಟಿಯಾಗಿ ಹೇಳಿದರು. ಅದು ನನ್ನ ನಂಬರ್.

"ಈ ನಂಬರ್ ಈಗ್ತಾನೆ ಬಂತಲ್ಲ ಅಜ್ಜಿ. ಅಲ್ಲಿ ನಿಂತಿದಾರಲ್ಲ, ಆ ಮೇಡಂದು."

ಇಡೀ ಸಾಲು ನನ್ನ ಕಡೆ ತಿರುಗಿತು. ಮಗುವಿನ ತಾಯಿ ನನ್ನನ್ನೂ ಅತ್ತೆಯನ್ನೂ ನೋಡಿ, "ಅಯ್ಯೋ, ಇವ್ರೇನಾ ಆ ಸೊಸೆ?" ಎಂದಳು.

ಅತ್ತೆ ಸ್ವಲ್ಪವೂ ವಿಚಲಿತರಾಗಲಿಲ್ಲ. "ಊಂ ಕಣವ್ವ, ಇವ್ಳೇ" ಎಂದರು. ಬಿಲ್ ಮಾಡುವಾಕೆಯೇ ಮೊದಲು ನಕ್ಕಳು, ಆಮೇಲೆ ಸಾಲೆಲ್ಲ ನಕ್ಕಿತು. ಮೂರನೆಯ ಕ್ಯಾನ್ ಕೌಂಟರಿನ ಮೇಲೇ ಉಳಿಯಿತು. ನನ್ನ ಕೈಯಲ್ಲಿದ್ದುದನ್ನೂ ನಾನು ವಾಪಸ್ ಇಟ್ಟು ದುಡ್ಡು ಹಿಂದಕ್ಕೆ ಪಡೆದೆ, ಕೂಪನ್ನಿನ ಅಡಿಯ ಆ ಇರುವೆ ಸಾಲಿನ ಅಕ್ಷರಗಳು ಈಗ ನನಗೆ ದೊಡ್ಡದಾಗಿಯೇ ಕಾಣುತ್ತಿದ್ದವು. ನಾವಿಬ್ಬರೂ ಕೈ ಬೀಸಿಕೊಂಡು ಹೊರಗೆ ಬಂದೆವು.

ಕಾರಿನಲ್ಲಿ ಕೇಳಿದೆ. "ಅತ್ತೆ, ಅಷ್ಟು ಹೇಳಿಕೊಟ್ಟಿದ್ದೆ, ನಿಮ್ ನಂಬರ್ ಹೇಳೋದಲ್ವಾ?"

"ಅದು ಕಾರಲ್ಲಿ ಕಲ್ತಿದ್ದು, ಒಳಗೋದೇಟ್ಗೆ ಮರ್ತೋಯ್ತು. ನಂಗೆ ಬರಾದು ನಿಂದೊಂದೇ. ಎಲ್ಲಾರ ಬಿದ್ರೆ, ದಾರಿ ತಪ್ಪಿದ್ರೆ, ಯಾರಾರ ಕೇಳಿದ್ರೆ ಯೋಳಕ್ಕೆ ಅಂತ ಯಾವತ್ತೋ ಬಾಯಿಪಾಠ ಮಾಡ್ಕಂಡಿದ್ದೆ."

ಸ್ಟೀರಿಂಗ್ ಹಿಡಿದಿದ್ದ ನಾಗರಾಜ್ ಮೆಲ್ಲಗೆ ಕೇಳಿದರು. "ಅಮ್ಮ, ನನ್ ನಂಬರ್ರು?"

"ನೀನೆಲ್ಲಪ್ಪ ಫೋನ್ ಎತ್ತೀಯ," ಎಂದರು ಅತ್ತೆ.

ಅವತ್ತು ನನಗಾದ ಸಂತೋಷವನ್ನು ಮುಚ್ಚಿಟ್ಟು ಹೇಳುವ ಶಕ್ತಿ ನನಗಿಲ್ಲ. ಮನೆಗೆ ಬಂದು ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದೆ. ಮಾರನೆಯ ದಿನದ ಬಸ್ಸಾರಿಗೆ ಕೈ ತುಂಬ ಬೆಳ್ಳುಳ್ಳಿ ಹಾಕಿ, ಮುದ್ದೆಯ ಜೊತೆ ಬಡಿಸಿ, ಎದುರಿಗೇ ನಿಂತು "ಹೇಗಿದೆ ಅತ್ತೆ?" ಎಂದು ಕೇಳಿದೆ. ಅವರು ಒಂದು ತುತ್ತು ನುಂಗಿ, ಯೋಚಿಸಿ, "ತಿನ್ಬೋದು" ಎಂದರು. ತಟ್ಟೆಯನ್ನು ಇನ್ನೊಂದು ಸೌಟಿಗೆ ಮುಂದೆ ತಳ್ಳಿದರು. ಇಷ್ಟು ವರ್ಷವೂ ಅವರು ಹಾಗೆಯೇ ತಳ್ಳುತ್ತಿದ್ದರು ಎಂಬುದು ನನಗೆ ಆಗ ನೆನಪಾಯಿತು.

ಈಗಲೂ ಭಾನುವಾರದ ಪೇಪರಿಗೆ ಕತ್ತರಿ ಹಾಕುತ್ತೇನೆ. ಒಂದೇ ಕೂಪನ್ ಇಟ್ಟುಕೊಳ್ಳುತ್ತೇನೆ, ಆದರೆ ಅತ್ತೆಯನ್ನು ಕರೆದುಕೊಂಡೇ ಹೋಗುತ್ತೇನೆ. ಇದ್ದುದರಲ್ಲಿ ಉದ್ದನೆಯ ಸಾಲನ್ನು ಹುಡುಕಿ ನಿಲ್ಲುತ್ತೇನೆ. ಅತ್ತೆಯ ಹಿಂದೆ ಯಾರಾದರೂ ಬಾಯಿ ತುರಿಸುವ ಹೆಂಗಸರು ಬಂದು ನಿಲ್ಲಲಿ ಎಂದು ಕಾಯುತ್ತೇನೆ. ಹಾಗೆ ಯಾರೋ ಬಂದು ನಿಂತರು ಅನ್ನಿಸಿದ ಕೂಡಲೇ ನನ್ನ ಬೆನ್ನಿಗೆ ಬುಟ್ಟಿ ತಾಗುತ್ತದೆ.

"ಯಾವ ಕಡೆಯಾಯ್ತವ್ವ ನಿಮ್ದು?"