ನಾಲ್ಕು ಹನ್ನೆರಡರ ಬೊರಿವಲಿ ಲೋಕಲ್ ತಪ್ಪಿಸಿದ್ದು ನಾನೇ

ಮುಚ್ಚುಮರೆ ಯಾಕೆ, ಆ ಮನುಷ್ಯನ ಮೇಲೆ ನಾನು ಸೇಡು ತೀರಿಸಿಕೊಂಡೆ. ಇವತ್ತಿಗೂ ನೆನೆದರೆ ಹೊಟ್ಟೆ ತಂಪಾಗುತ್ತದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಂಧೇರಿ ಸ್ಟೇಷನ್ನಿಗೆ ಅಂಟಿಕೊಂಡ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಡೆಮಾನ್‌ಸ್ಟ್ರೇಟರ್. ಪ್ರೊಫೆಸರರು ನಮ್ಮ ಧಾರವಾಡದ ಕಡೆಯವರೇ. ಅವರ ಬಾಗಿಲ ಮೇಲೆ ಬೋರ್ಡು: ವಿದ್ಯಾರ್ಥಿಗಳ ಸಂಶಯಗಳಿಗೆ ನಾಲ್ಕರಿಂದ ಐದು. ನಾಲ್ಕು ಹೊಡೆಯುವ ಮೊದಲೇ ಆ ಬಾಗಿಲಿಗೆ ಬೀಗ. ಸಾಹೇಬರು ನಾಲ್ಕು ಹನ್ನೆರಡರ ಬೊರಿವಲಿ ಲೋಕಲ್ಲಿನಲ್ಲಿ, ಕಿಟಕಿಯ ಪಕ್ಕ.

ಸಂಶಯಗಳೆಲ್ಲ ನನ್ನ ಪಾಲಿಗೆ. ಬೆಳಗಿನಿಂದ ಲ್ಯಾಬಿನಲ್ಲಿ ನಿಂತವಳು ಮತ್ತೆ ಮೆಟ್ಟಿಲ ಬಳಿ ನಿಂತೇ, ಗೋಡೆಗೆ ಅವರ ಪ್ರಯೋಗದ ಜರ್ನಲ್ ಒತ್ತಿ ಹಿಡಿದು ಲೆಕ್ಕ ಬಿಡಿಸಿ ತೋರಿಸಬೇಕು. ಆಗ ನಾನು ಆರು ತಿಂಗಳ ಬಸುರಿ. ಭಾಂಡುಪಿನ ಮನೆ ಮುಟ್ಟುವಷ್ಟರಲ್ಲಿ ಪಾದ ಊದಿ ಚಪ್ಪಲಿ ಕಚ್ಚುತ್ತಿತ್ತು.

"ಸರ್ರ, ಅದೊಂದು ತಾಸು ನಿಮ್ಮ ಖೋಲಿ ಕೀಲಿ ಕೊಡ್ರಿ. ಕುಂತು ಹೇಳಿಕೊಡ್ತೀನಿ."

"ಕುಂತ್ರ ನಿದ್ದಿ ಬರ್ತೈತಿ ತಂಗಿ. ಡೆಮಾನ್‌ಸ್ಟ್ರೇಟರ್‌ಗೆ ಎಂಥಾ ಖೋಲಿ?" ಜವಾನನ ಎದುರಿಗೇ ನಕ್ಕರು.

ಕಾದೆ.

ಜರ್ನಲ್ಲಿಗೆ ಪ್ರೊಫೆಸರರ ಸಹಿ ಬೀಳದೆ ಯಾರನ್ನೂ ಪ್ರಾಕ್ಟಿಕಲ್ ಪರೀಕ್ಷೆಗೆ ಬಿಡುತ್ತಿರಲಿಲ್ಲ. ಪ್ರತಿ ವರ್ಷ ನಾನೇ ಎಲ್ಲವನ್ನೂ ತಿದ್ದಿ, ಸಹಿಯ ಪುಟ ತೆರೆದು ಅವರ ಮೇಜಿನ ಮೇಲೆ ಒಟ್ಟುತ್ತಿದ್ದೆ. ಅವರು ಒಳಗೆ ಇಣುಕದೆ ಗೀಚಿ ಹೊರಡುತ್ತಿದ್ದರು. ಆ ವರ್ಷ ತಿದ್ದಿದೆ, ಆದರೆ ಒಟ್ಟಲಿಲ್ಲ. ಜರ್ನಲ್ಲುಗಳನ್ನು ಹುಡುಗರ ಕೈಗೇ ಕೊಟ್ಟು ಹಿಂದಿಯಲ್ಲಿ ಹೇಳಿದೆ: ಸಹಿಗೆ ನಾಳೆ ಕೊನೆಯ ದಿನ, ಮೂರು ಮುಕ್ಕಾಲಿಗೆ ಮುಂಚೆ ಯಾರೂ ಹೋಗಬೇಡಿ, ಒಬ್ಬೊಬ್ಬರೂ ಒಂದು ಸಂಶಯ ಕೇಳಿದ ಮೇಲೇ ಜರ್ನಲ್ ಮುಂದಿಡಿ.

ಮರುದಿನ ಮೂರು ಮುಕ್ಕಾಲಿಗೆ ಅವರ ಬಾಗಿಲಲ್ಲಿ ಐವತ್ತು ಜನ. ಪ್ರೊಫೆಸರರ ಚೀಲ ಹೆಗಲಿಗೇರಿತ್ತು. ನಾಲ್ಕು ಹನ್ನೆರಡು ಹೋಯಿತು. ಅದರ ನಂತರದ್ದೂ ಹೋಯಿತು. ಟೈಟ್ರೇಷನ್ನಿನ ಲೆಕ್ಕವೊಂದು ಅವರಿಗೇ ಬಗೆಹರಿಯಲಿಲ್ಲ. "ಮೇಡಂ ಬೇರೆ ಥರ ಮಾಡ್ತಾರೆ" ಎಂದಳು ಒಬ್ಬ ಹುಡುಗಿ, ಮುಗ್ಧವಾಗಿ. ಹಾಗನ್ನಲು ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ, ದೇವರಾಣೆ.

"ತಂಗಿ, ಇವ್ರನ್ನ ಕರ್ಕೊಂಡು ಹೋಗವಾ!" ಬಾಗಿಲಲ್ಲಿ ನಿಂತಿದ್ದ ನನ್ನತ್ತ ಕೂಗಿದರು.

"ಎಲ್ಲಿಗ್ರಿ ಸರ್ರ? ಡೆಮಾನ್‌ಸ್ಟ್ರೇಟರ್‌ಗೆ ಎಂಥಾ ಖೋಲಿ?"

ಐದೂವರೆಗೆ ಅವರು ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲೆ ಇಟ್ಟರು. "ನಾಳಿಂದ ನೀನ ಕುಂಡ್ರು."

ನಾನು ಅವತ್ತೇ ಕುಳಿತೆ. ಅವರೆದುರಿನ ಕುರ್ಚಿ ಎಳೆದು, ಚಪ್ಪಲಿ ಬಿಟ್ಟು, ಆರಾಮಾಗಿ. ಅವರು ಎದ್ದು ಚೀಲಕ್ಕೆ ಕೈ ಹಾಕಿದರು.

"ಸರ್ರ, ಹನ್ನೊಂದು ಮಂದಿ ಇನ್ನೂ ಹೊರಗ ನಿಂತಾರ್ರಿ."