ಮೆಣಸಿನಕಾಯಿ ಚೀಲದ ಮೇಲೆ ಧ್ಯಾನ

ನಮ್ಮ ಹಿತ್ತಲ ಬಾಗಿಲ ಹಿಂದೆ ಯಾವಾಗಲೂ ಒಂದು ಗೋಣಿಚೀಲ ಮಡಿಚಿಕೊಂಡು ನಿಂತಿರುತ್ತದೆ. ಬ್ಯಾಡಗಿಯಲ್ಲಿ ಗೋಣಿಚೀಲವಿಲ್ಲದ ಮನೆಯನ್ನು ಹುಡುಕಲು ಹೊರಟರೆ ನೀವು ಹುಡುಕುತ್ತಲೇ ಇರಬೇಕಾದೀತು. ಕಾಲೊರೆಸಲು ಅದೇ, ಕೊಡದ ಕೆಳಗೆ ಅದೇ, ಚಳಿಗೆ ಕರುವಿನ ಬೆನ್ನ ಮೇಲೂ ಅದೇ. ದಿನಾ ದೇವರ ಮುಂದೆ ದೀಪ ಹಚ್ಚಿ, ಹಿಂದಿನ ದಿನ ನಮ್ಮ ಸೀಮೆಯ ದೇವರಾದ ನಮ್ಮಪ್ಪ ಕಾಂತೇಶ ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಬೆರಳು ಮಡಿಚಿ ಎಣಿಸುವುದು ನನ್ನ ರೂಢಿ: ಹಾಲು ಉಕ್ಕಲಿಲ್ಲ, ನಳ ಬಂತು, ಅತ್ತೆಯವರು ಪಲ್ಯಕ್ಕೆ ಹೆಸರಿಡಲಿಲ್ಲ. ಇಷ್ಟೆಲ್ಲ ಎಣಿಸುವ ನಾನು ಈ ಚೀಲವನ್ನು ಮಾತ್ರ ಎಂದೂ ಎಣಿಸಿದವಳಲ್ಲ, ಹೋದ ವರ್ಷದ ಮೆಣಸಿನಕಾಯಿ ಸುಗ್ಗಿಯವರೆಗೆ.

ಆಗ ನನಗಿದ್ದ ಸಂಕಟ ಹಿತ್ತಲ ಬೇವಿನಮರದ್ದು. ವರ್ಷದ ಖಾರಕ್ಕೆಂದು ಒಣಹಾಕಿದ ಕಾಯಿಯ ಮೇಲೆ ಅದು ಎಲೆ ಉದುರಿಸುತ್ತದೆ, ಅದರಲ್ಲಿ ಕೂತ ಹಕ್ಕಿಗಳು ಇನ್ನೇನನ್ನೋ ಉದುರಿಸುತ್ತವೆ ಎಂದು ಅತ್ತೆಯವರು ಅದನ್ನು ಕಡಿಸಿಬಿಡಲು ನಿರ್ಧರಿಸಿ, ಕೊಡಲಿ ಕೆಲಸದ ಫಕ್ಕೀರಪ್ಪನಿಗೆ ಸೋಮವಾರ ಬಾ ಎಂದು ಹೇಳಿಯೂ ಆಗಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ತವರು ನೆನಪಾದಾಗಲೆಲ್ಲ ನಾನು ಕೂತು ಅತ್ತದ್ದು ಆ ಮರದ ಬುಡದಲ್ಲಿ. ಹಾಗಂತ ಅತ್ತೆಯ ಮುಂದೆ ಹೇಳಲಾದೀತೇ? ಇಪ್ಪತ್ತೆಂಟು ವರ್ಷ ಎದುರಾಡದ ಬಾಯಿ, ಒಂದು ಮರಕ್ಕಾಗಿ ಒಮ್ಮೆಲೇ ತೆರೆಯಲೊಲ್ಲದು.

ಅದಕ್ಕೇ ಯೋಗದ ಟೀಚರಮ್ಮನ ಮೊರೆಹೊಕ್ಕೆ. ಶಾಲೆಯ ಕೆಲಸದಿಂದ ನಿವೃತ್ತರಾದ ಈ ಹೆಣ್ಣುಮಗಳು ವಾರಕ್ಕೊಮ್ಮೆ ಹಾವೇರಿಯಿಂದ ಬಸ್ಸು ಹತ್ತಿ ಬಂದು, ನಮ್ಮ ಓಣಿಯ ಏಳೆಂಟು ಹೆಂಗಸರಿಗೆ ಯೋಗಾಸನವನ್ನೂ ಝೆನ್ ಎಂಬ ಜಪಾನಿನ ಧ್ಯಾನವನ್ನೂ ಗಿಡಮರಗಳ ಕಾಳಜಿಯನ್ನೂ ಒಂದೇ ಬೋಗುಣಿಯಲ್ಲಿ ಕಲಸಿ ಉಣಿಸುತ್ತಿದ್ದರು. ಒಳಗೆ ಬಂದ ಉಸಿರು ಮರ ಕೊಟ್ಟದ್ದು, ಹೊರಗೆ ಬಿಟ್ಟದ್ದು ಮರಕ್ಕೆ ಕೊಟ್ಟದ್ದು ಎನ್ನುವುದು ಅವರ ಪಾಠ. ಈ ಮಾತು ಅತ್ತೆಯ ಕಿವಿಗೆ ಬಿದ್ದರೆ ಸಾಕೆಂದು ಆ ಸೋಮವಾರದ ತರಗತಿಯನ್ನು ನಮ್ಮ ಹಿತ್ತಲಿಗೇ ಕರೆದೆ. ಝೆನ್ ಎಂದರೆ ಸುಮ್ಮನೆ ಕೂಡುವುದು ಎಂದು ನಾನು ತಿಳಿಸಿದಾಗ ಅತ್ತೆಯವರು ಅಡಕೆ ಕತ್ತರಿಸುತ್ತ ಅಂದರು: "ಸುಮ್ನ ಕುಂದ್ರೂದನ್ನ ಜಪಾನದವ್ರು ಕಲಸಬೇಕೇನ? ನಿಮ್ಮ ಮಾವ ಹುಟ್ಟಾ ಕಲತು ಬಂದಿದ್ದ."

ಟೀಚರಮ್ಮನದು ಒಂದೇ ಕಟ್ಟಳೆ. ರಾಣೇಬೆನ್ನೂರಿನಿಂದ ತಂದ ಬಣ್ಣದ ಪ್ಲಾಸ್ಟಿಕ್ ಚಾಪೆ ಬೇಡ, ಮಣ್ಣಿನಿಂದ ಬಂದು ಮಣ್ಣಿಗೇ ಹೋಗುವಂಥದ್ದನ್ನು ಹಾಸಿಕೊಳ್ಳಿ. ಬ್ಯಾಡಗಿಯ ಹೆಂಗಸರಿಗೆ ಇದನ್ನು ಹೇಳಿದರೆ ಏನು ತಂದಾರು, ನೀವೇ ಹೇಳಿ. ಎಲ್ಲರೂ ಬಗಲಲ್ಲಿ ಒಂದೊಂದು ಮೆಣಸಿನಕಾಯಿ ಚೀಲ ಸುತ್ತಿಕೊಂಡು ಬಂದರು. ಕೊಡವಿಯೇ ತಂದಿದ್ದರು, ಪಾಪ. ಎಲ್ಲಕ್ಕಿಂತ ಒಳ್ಳೆಯದನ್ನು, ಹೊಸದಾಗಿ ಬರಿದಾಗಿದ್ದನ್ನು, ಎರಡು ಮಡಿಕೆ ಮಾಡಿ ಬಿಳಿ ಸೀರೆಯ ಟೀಚರಮ್ಮನಿಗೆ ಹಾಸಿದವಳು ನಾನು. ಎಷ್ಟು ಹೊತ್ತು ಕೂಡುತ್ತಾರೋ ನೋಡಿಯೇಬಿಡುವೆನೆಂದು ಅತ್ತೆಯವರೂ ಒಂದು ಚೀಲ ಎಳೆದುಕೊಂಡು ಕುಳಿತರು.

ನಮ್ಮೂರ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನಾವೇ ಹೊಗಳಿಕೊಳ್ಳುತ್ತೇವೆ. ಆ ಕಡಿಮೆ ಎಂದರೆ ಎಷ್ಟು ಎಂಬುದು ಅಂದು ಗೊತ್ತಾಯಿತು. ಬಿಸಿಲೇರಿ ಮೈ ಬೆವರತೊಡಗಿದಂತೆ ಕೆಳಗಿನಿಂದ ಒಂದು ಬೆಚ್ಚನೆಯ ಅರಿವು ಮೂಡಿ, ಮೆಲ್ಲಗೆ ಬಲಿತು, ಉರಿಯಾಯಿತು. ಏನೇ ಬಂದರೂ ತಳ್ಳಬೇಡಿ, ಅಪ್ಪಬೇಡಿ, ಬರೀ ನೋಡುತ್ತಿರಿ ಎಂದು ಟೀಚರಮ್ಮ ಹೇಳಿದ್ದರಿಂದ ನಾವು ನೋಡುತ್ತಿದ್ದೆವು. ಅತ್ತೆ ಏಳದೆ ಸೊಸೆ ಏಳುವಂತಿಲ್ಲ. ಸೊಸೆಯಂದಿರ ಮುಂದೆ ಏಳುವುದು ಅತ್ತೆಗೆ ಅವಮಾನ. ಎಲ್ಲರ ಕೆನ್ನೆಯ ಮೇಲೂ ನೀರು ಇಳಿಯತೊಡಗಿತು. ಅದನ್ನು ಕಂಡು ಟೀಚರಮ್ಮ ಕೈ ಮುಗಿದರು. "ಭೂಮಿತಾಯಿಯ ನೋವು ಇವತ್ತು ನಿಮ್ಮ ಕಣ್ಣಾಗ ಬಂತು ನೋಡ್ರಿ," ಎಂದವರು ಮಾತಿನ ನಡುವೆಯೇ ಒಮ್ಮೆ ಮಿಸುಕಿದರು. ಎರಡು ಮಡಿಕೆಯ ಚೀಲ ಅವರಿಗೂ ಅರಿವು ಮೂಡಿಸಿತ್ತು. ಅವರು ಎದ್ದು ಓಡಿದರು. ಸೀರೆಯ ಹಿಂಭಾಗ ಅಪ್ಪಟ ಬ್ಯಾಡಗಿ ಬಣ್ಣ. ಗುರುವೇ ಎದ್ದಮೇಲೆ ಶಿಷ್ಯರಿಗೇನು?

ಓಡಿ ಸೇರಿದ್ದು ಬೇವಿನ ಬುಡಕ್ಕೆ. ಬೆಳಿಗ್ಗೆ ಪಾತ್ರೆ ತೊಳೆದ ನೀರು ಹರಿದು ಅಲ್ಲಿನ ಮಣ್ಣು ತಣ್ಣಗಿತ್ತು. ಬರಿಯ ಒದ್ದೆ ನೆಲದ ಮೇಲೆ, ಮರದ ಸುತ್ತ, ಬೆನ್ನಿಗೆ ಬೊಡ್ಡೆ ತಾಗಿಸಿ ಎಲ್ಲರೂ ಕುಳಿತೆವು. ಕಣ್ಣು ತಾವಾಗಿ ಮುಚ್ಚಿದವು, ಮೇಲಿನ ಗಾಳಿ ಉಸಿರಾಗಿ ಒಳಗಿಳಿಯಿತು. ತಿಂಗಳುಗಟ್ಟಲೆ ಕಲಿತರೂ ಬಾರದ ಧ್ಯಾನ ಅಲ್ಲಿ ಬಂದು ಕೂತಿತು. ಹಣ್ಣೆಲೆಯೊಂದು ಅತ್ತೆಯವರ ತಲೆಯ ಮೇಲೆ ಬಿತ್ತು, ಅವರು ತೆಗೆಯಲಿಲ್ಲ.

ಅಷ್ಟರಲ್ಲಿ ಫಕ್ಕೀರಪ್ಪ ಕೊಡಲಿ ಹೆಗಲ ಮೇಲಿಟ್ಟುಕೊಂಡು ಬಂದ. ಮರಕ್ಕೆ ಸುತ್ತುಗಟ್ಟಿದ ಹೆಂಗಸರನ್ನು ಕಂಡು ದೂರದಲ್ಲೇ ನಿಂತ. ನಾನು ಟೀಚರಮ್ಮನ ಮುಖ ನೋಡಿದೆ. ಮರದ ಪರ ಹೇಳಬೇಕಿದ್ದ ಮಾತನ್ನು ಅವರು ಹೇಳುವ ಸ್ಥಿತಿಯಲ್ಲಿರಲಿಲ್ಲ.

"ಅಮ್ಮಾರ, ಗಿಡ ಕಡೀಬೇಕಲ್ರಿ?"

ಅತ್ತೆಯವರು ಕಣ್ಣು ತೆರೆಯದೆಯೇ ಅಂದರು: "ಇವತ್ತ ಆಗೂದಿಲ್ಲಪಾ. ಕುಂತೇವಿ."

"ಯಾವಾಗ ಏಳ್ತೀರ್ರಿ?"

"ಅದು ನಮ್ಮ ಕೈಯಾಗಿಲ್ಲ."

ಆಮೇಲೆ ಮಜ್ಜಿಗೆ ಬಂತು, ಕುಡಿಯಲು ಸ್ವಲ್ಪ, ಹಚ್ಚಿಕೊಳ್ಳಲು ಬಹಳ. ಒಣಹಾಕಿದ ಕಾಯಿಗಳು ಎಲೆ ಬೀಳದ ಮಾಳಿಗೆ ಹತ್ತಿದವು. ಇಷ್ಟು ವರ್ಷ ಅದು ಯಾರಿಗೂ ಹೊಳೆದಿರಲಿಲ್ಲ. ಟೀಚರಮ್ಮ ಈಗಲೂ ಬರುತ್ತಾರೆ, ಸೀರೆಯ ಬಣ್ಣ ಮಾತ್ರ ಬದಲಾಗಿದೆ.

ಬಾಗಿಲ ಹಿಂದಿನ ಚೀಲವನ್ನು ನಾನು ಮೂರು ಸಲ ಒಗೆದೆ, ಮೂರು ಸಲವೂ ನೀರು ಕೆಂಪಾಯಿತು. ಕೆಲಸ ಕೈತಪ್ಪಿದ ಫಕ್ಕೀರಪ್ಪ ಆಗಾಗ ಓಣಿಯಲ್ಲಿ ಹಾಯುತ್ತಾನೆ. ಅವನ ನೆರಳು ಕಂಡ ಕೂಡಲೇ ಅತ್ತೆಯವರು ನನ್ನತ್ತ ನೋಡದೆ ಆ ಚೀಲ ತೆಗೆದು, ಬೇವಿನ ಬುಡದಲ್ಲಿ ಹಾಸಿ, ಕಣ್ಣು ಮುಚ್ಚಿ ಕೂತುಬಿಡುತ್ತಾರೆ. ಇನ್ನೂ ತುಸು ಉರಿಯುತ್ತದೆಯಂತೆ. ಮರುದಿನ ದೀಪದ ಮುಂದೆ ಮೊದಲ ಬೆರಳು ಮಡಿಚುವುದು ಈಗ ಆ ಚೀಲಕ್ಕೆ.